ಬಲಗೈಗಾಗಿ ತಲೆಯೊಳಗೊಂದು ತಂತಿ

ಡಿಬಿಎಸ್ ಅಂದರೆ ಡೀಪ್ ಬ್ರೈನ್ ಸ್ಟಿಮ್ಯುಲೇಶನ್. ಮೆದುಳಿನ ಆಳದಲ್ಲಿ ಒಂದು ಸಣ್ಣ ತಂತಿ ಇಟ್ಟು, ಎದೆಯ ಚರ್ಮದ ಕೆಳಗೆ ಕೂರಿಸಿದ ಬ್ಯಾಟರಿಯಿಂದ ಅದಕ್ಕೆ ಕರೆಂಟು ಕೊಡುತ್ತಾರೆ. ಪಾರ್ಕಿನ್ಸನ್ಸ್ ಕಾಯಿಲೆಗೆ ಇದನ್ನು ಮಾಡಿಸಿಕೊಂಡವರು ಹುಡುಕಿದರೆ ಸಿಗುತ್ತಾರೆ. ನನ್ನ ಹಾಗೆ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್‌ನಿಂದ ಬಂದ ನಡುಕಕ್ಕೆ ಮಾಡಿಸಿಕೊಂಡವರು ಬಹಳ ಕಡಿಮೆ. ಹಾಗಾಗಿ ಯಾರಿಂದಲೋ ನಂಬರ್ ತೆಗೆದುಕೊಂಡು ನನಗೆ ಫೋನ್ ಮಾಡುವವರಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದೇ. "ಮೇಡಂ, ನಡುಕ ಪೂರ್ತಿ ಹೋಯ್ತಾ?"

ಇದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕೆ ಬರಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುತ್ತಿದ್ದೇನೆ ಅಂದರೆ, ಫೋನಿಗೆ ಹೇಳಿ ಟೈಪ್ ಮಾಡಿಸುತ್ತಿದ್ದೇನೆ. ಅರ್ಧ ಉತ್ತರ ಅಲ್ಲೇ ಸಿಕ್ಕಿತು ಅಂದುಕೊಳ್ಳಿ.

ನಮ್ಮೂರು ದಾವಣಗೆರೆ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದೆ. 2011ರಲ್ಲಿ ಎಡಗಣ್ಣು ಮಂಜಾಯಿತು. ಕಣ್ಣು ಹೊರಳಿಸಿದರೆ ನೋವು. ಕಣ್ಣಿನ ಡಾಕ್ಟರು ನೋಡಿ, ಇದು ಕಣ್ಣಿನದ್ದಲ್ಲ, ಕಣ್ಣಿನ ಹಿಂದಿನ ನರದ್ದು ಅಂದರು. ಎಂಆರ್‌ಐ ಆಯಿತು, ಬೆನ್ನುಹುರಿಯ ನೀರು ತೆಗೆದು ಪರೀಕ್ಷೆಯೂ ಆಯಿತು, ಕೊನೆಗೆ ಎಂಎಸ್ ಅಂದರು. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಮೆದುಳು ಮತ್ತು ಬೆನ್ನುಹುರಿಯ ನರಗಳ ಮೇಲಿರುವ ಮೈಲಿನ್ ಅನ್ನೋ ಹೊದಿಕೆಯನ್ನು ಕಿತ್ತುಹಾಕುವ ಕಾಯಿಲೆ ಇದು. ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದ ಮೇಲೆ ಕಣ್ಣು ಬಹುಪಾಲು ಸರಿಹೋಯಿತು. ಆಮೇಲೆ ವರ್ಷಗಟ್ಟಲೆ ಇಂಟರ್‌ಫೆರಾನ್ ಇಂಜೆಕ್ಷನ್, ಅದು ಸಾಲದಾದಾಗ ರಿಟುಕ್ಸಿಮ್ಯಾಬ್. ಆ ಕಥೆ ಎಂಎಸ್ ಇದ್ದವರಿಗೆಲ್ಲ ಗೊತ್ತಿರುವುದೇ, ಬಿಡಿ.

ನಡುಕ ಬಂದದ್ದು ಕೆಲವು ವರ್ಷದ ನಂತರ. ಕೈಕಾಲಿನ ಚಲನೆ ಹೊಂದಿಸುವ ಕಿರುಮೆದುಳಿಗೆ ಸಂಬಂಧಪಟ್ಟ ದಾರಿಯಲ್ಲಿ ಹೊಸ ಕಲೆಗಳು ಕಾಣಿಸಿಕೊಂಡಿವೆ ಅಂತ ಎಂಆರ್‌ಐ ಹೇಳಿತು. ಇದು ಪಾರ್ಕಿನ್ಸನ್ಸ್ ನಡುಕದ ಥರ ಅಲ್ಲ. ಅವರಿಗೆ ಕೈ ಸುಮ್ನೆ ತೊಡೆ ಮೇಲಿದ್ದಾಗ ನಡುಗುವುದು ಜಾಸ್ತಿ. ನನಗೆ ಸುಮ್ನಿದ್ದಾಗ ಏನೂ ಇಲ್ಲ. ಕೈ ಎತ್ತಿ ಏನನ್ನಾದರೂ ಹಿಡಿಯಲು ಹೋದರೆ ಶುರು. ಲೋಟ ಹತ್ತಿರ ಬಂದಷ್ಟೂ ಹೊಯ್ದಾಟ ಜಾಸ್ತಿ, ಮುಟ್ಟುವ ಹೊತ್ತಿಗೆ ಲೋಟ ನೆಲದ ಮೇಲೆ. ಮನೆಗೆ ಬಂದವರು ನಾನು ಕೂತಿರುವುದನ್ನು ನೋಡಿ "ಚೆನ್ನಾಗೇ ಇದೀಯಲ್ಲವ್ವ" ಅನ್ನುತ್ತಿದ್ದರು. ಚಹಾ ಬಂದ ಮೇಲೆ ಮಾತು ನಿಲ್ಲುತ್ತಿತ್ತು.

1868ರಷ್ಟು ಹಿಂದೆಯೇ ಪ್ಯಾರಿಸ್‌ನಲ್ಲಿ ಶಾರ್ಕೋ ಅನ್ನುವ ವೈದ್ಯರು ಈ ಕಾಯಿಲೆಯನ್ನು ವಿವರಿಸಿದ್ದರಂತೆ. ಅವರು ಗುರುತಿಸಿದ ಮೂರು ಲಕ್ಷಣ ಇಂದಿಗೂ ಅವರ ಹೆಸರಿನಲ್ಲೇ ಇವೆ: ಏನಾದರೂ ಹಿಡಿಯಹೋದಾಗಿನ ನಡುಕ, ಕಣ್ಣುಗುಡ್ಡೆಯ ಅದುರು, ಬಿಡಿಬಿಡಿಯಾಗಿ ಬರುವ ಮಾತು. ನನಗೆ ಮೂರಕ್ಕೆ ಮೂರೂ ಇದ್ದವು. ಪರೀಕ್ಷೆಯಲ್ಲಿ ಯಾವತ್ತೂ ನೂರಕ್ಕೆ ನೂರು ತೆಗೆದವಳಲ್ಲ, ಇದರಲ್ಲಿ ತೆಗೆದೆ.

ಡಿಬಿಎಸ್‌ಗೆ ಮೊದಲು ಮಾತ್ರೆಗಳ ಸರದಿ. ಪ್ರೊಪ್ರನಲಾಲ್ ಕೊಟ್ಟರು, ಬಿಪಿ ಇಳಿಯಿತು, ನಡುಕ ಇಳಿಯಲಿಲ್ಲ. ಕ್ಲೋನಜೆಪಾಮ್‌ನಲ್ಲಿ ದಿನವಿಡೀ ನಿದ್ದೆ. ಪ್ರಿಮಿಡೋನ್ ತಗೊಂಡರೆ ನಿಂತಲ್ಲೇ ಓಲಾಡುತ್ತಿದ್ದೆ, ಮೊದಲೇ ನನ್ನ ನಡಿಗೆ ಅಷ್ಟಕ್ಕಷ್ಟೆ. ಆಮೇಲೆ ಐಸೋನಿಯಜಿಡ್, ಜೊತೆಗೆ ಬಿ6. ಇದು ಟಿಬಿ ಮಾತ್ರೆ. ಎಂಎಸ್ ನಡುಕಕ್ಕೆ ಕೆಲವರಲ್ಲಿ ಸ್ವಲ್ಪ ಕೆಲಸ ಮಾಡುತ್ತದೆ ಅಂತ ಹಳೆಯ ಅನುಭವವಿದೆಯಂತೆ. ನನ್ನ ಮೇಲೆ ಅದು ಮಾಡಿದ ಕೆಲಸ ಬೇರೆ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿದ, ನನ್ನನ್ನು ನೋಡಿದ. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯಲ್ಲಿ ನನಗೆ ಟಿಬಿ. ಪಕ್ಕದ ಮನೆಯವರು ಮಗುವನ್ನು ನಮ್ಮ ಮನೆಗೆ ಕಳಿಸುವುದು ಬಿಟ್ಟರು. ನಮ್ಮತ್ತೆ ಜಗಲಿ ಮೇಲೆ ಕೂತು, ಹೋಗಿಬರುವವರನ್ನೆಲ್ಲ ನಿಲ್ಲಿಸಿ, "ಟಿಬಿ ಅಲ್ಲವ್ವಾ, ನರದ್ದು, ನರದ್ದು" ಅಂತ ಹೇಳಿದರು. ಲಿವರ್ ಟೆಸ್ಟ್ ಏರುಪೇರಾದ ಮೇಲೆ ಆ ಮಾತ್ರೆಯೂ ನಿಂತಿತು.

ಊಟ ಕಷ್ಟವಾಗಿತ್ತು. ದಾವಣಗೆರೆಯಲ್ಲಿ ಹುಟ್ಟಿ ಮಂಡಕ್ಕಿ ತಿನ್ನಲಾಗದಿದ್ದರೆ ಹೇಗಿರುತ್ತದೆ ಹೇಳಿ. ಬಾಯಿಗೆ ಹೋಗುವುದಕ್ಕಿಂತ ಮೈಮೇಲೆ, ಪಕ್ಕದವರ ಮೇಲೆ ಹಾರುವುದೇ ಜಾಸ್ತಿ. ಮದುವೆಗೆ ಹೋಗುವುದನ್ನು ನಿಲ್ಲಿಸಿದೆ. ಮನೆಯಲ್ಲಿ ಮಗಳು ತಿನ್ನಿಸುತ್ತಿದ್ದಳು. ಆದರೆ ನನ್ನನ್ನು ಮುರಿದದ್ದು ಸಹಿ. ನೋಟು ಎಣಿಸೋಕೆ ಆಗದೆ ಕೆಲಸ ಬಿಟ್ಟಾಗಿತ್ತು. ಭವಿಷ್ಯನಿಧಿ ದುಡ್ಡು ತೆಗೆಯಲು ಬ್ಯಾಂಕಿಗೆ ಹೋದರೆ ಸಹಿ ಹೊಂದುತ್ತಿಲ್ಲ ಅಂದರು. ಮತ್ತೆ ಹಾಕಿದೆ, ಮತ್ತೆ ಹಾಕಿದೆ. ಕೊನೆಗೆ ಅಲ್ಲಿದ್ದವರು ಇಂಕ್ ಪ್ಯಾಡ್ ಮುಂದಿಟ್ಟರು. ಇಪ್ಪತ್ತು ವರ್ಷ ಬೇರೆಯವರ ಹೆಬ್ಬೆಟ್ಟು ಹಿಡಿದು ಒತ್ತಿಸಿದವಳು ನಾನು, ಬಿಕಾಂ ಓದಿದವಳು. ಅವತ್ತು ನನ್ನ ಹೆಬ್ಬೆಟ್ಟನ್ನು ಒಬ್ಬ ಅಟೆಂಡರ್ ಹಿಡಿದು ಒತ್ತಿಸಿದ. ಹೊರಗೆ ಬಂದು ನಮ್ಮನೆಯವರಿಗೆ, "ಬೆಂಗಳೂರಿಗೆ ಕರ್ಕೊಂಡು ಹೋಗಿ, ಏನಿದ್ದರೂ ಮಾಡಿಸೋಣ" ಅಂದೆ.

ಬೆಂಗಳೂರಿನಲ್ಲಿ ರಾಜಾಜಿನಗರದ ಅಕ್ಕನ ಮನೆಯಲ್ಲಿ ಉಳಿದುಕೊಂಡೆವು. ಅಲ್ಲಿನ ನರರೋಗ ತಜ್ಞರು ಆಪರೇಶನ್ ಮಾತು ಎತ್ತುವ ಮೊದಲು ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ನನ್ನ ಮೂಗು ಮುಟ್ಟು, ಅವರ ಬೆರಳು ಮುಟ್ಟು. ಸುರುಳಿ ಬರೆ. ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿ. ಆಮೇಲೆ ನನ್ನ ಮೊಣಕೈಯನ್ನು ಮೇಜಿನ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು ಅದನ್ನೇ ಮತ್ತೆ ಮಾಡಿಸಿದರು. ನಡುಕ ಕಡಿಮೆಯಾಯಿತು, ಆದರೂ ಬೆರಳು ಗುರಿ ತಪ್ಪುತ್ತಿತ್ತು.

"ನೋಡಿ ಮೇಡಂ, ನಿಮ್ಮ ಕೈಯಲ್ಲಿ ಎರಡು ತೊಂದರೆ ಇದೆ. ಒಂದು ನಡುಕ. ಇನ್ನೊಂದು ಅಟಾಕ್ಸಿಯಾ, ಅಂದರೆ ಕೈಗೆ ಅಳತೆ ಸಿಗೋದಿಲ್ಲ. ಡಿಬಿಎಸ್ ಮೊದಲನೆಯದಕ್ಕೆ ಮಾತ್ರ. ಎರಡನೆಯದು ಹಾಗೇ ಇರುತ್ತೆ. ಎಂಎಸ್ ಅಂತೂ ಇದರಿಂದ ಒಂದು ಚೂರೂ ಗುಣ ಆಗಲ್ಲ" ಅಂದರು.

ಫೋನ್ ಮಾಡುವವರಿಗೆ ನಾನು ಮೊದಲು ಹೇಳುವುದು ಇದೇ ಮಾತು. ನಡುಕ ಎಷ್ಟು, ಅಳತೆ ತಪ್ಪುವುದು ಎಷ್ಟು, ಕೈಯ ಬಲ ಎಷ್ಟು ಅನ್ನುವುದನ್ನು ಬೇರೆ ಬೇರೆ ಮಾಡಿ ಹೇಳದ ಡಾಕ್ಟರ ಹತ್ತಿರ ಆಪರೇಶನ್ ದಿನಾಂಕ ಕೇಳಬೇಡಿ. ಕೈಗೆ ಬಲವೇ ಇಲ್ಲದಿದ್ದರೆ ನಡುಕ ನಿಂತೂ ಉಪಯೋಗವಿಲ್ಲ ಅಲ್ವಾ?

ಆಮೇಲೆ ಅವರು ಕೇಳಿದರು, "ನಿಮಗೆ ಆ ಕೈಯಿಂದ ಏನು ಮಾಡಬೇಕು?" ನಾನು ಉದ್ದ ಪಟ್ಟಿಯನ್ನೇ ಹೇಳಿದೆ. ಅವರು ನಕ್ಕು, "ಒಂದೇ ಹೇಳಿ" ಅಂದರು. ಊಟ ಅಂದೆ. ಊಟಕ್ಕೆ ಪ್ರಯತ್ನ ಮಾಡೋಣ, ಬರವಣಿಗೆಗೆ ಮಾತು ಕೊಡಲ್ಲ ಅಂದರು.

ಪರೀಕ್ಷೆಗಳು ಬಹಳ ದಿನ ನಡೆದವು. ಎಂಎಸ್ ಒಂದು ಹಂತಕ್ಕೆ ನಿಂತಿದೆಯಾ, ಇತ್ತೀಚೆಗೆ ಹೊಸ ಕಲೆ ಇದೆಯಾ ಅಂತ ಎಂಆರ್‌ಐ. ನೆನಪು, ಗಮನ, ಮನಸ್ಸಿನ ಸ್ಥಿತಿಗೆ ಅರ್ಧ ದಿನದ ಪರೀಕ್ಷೆ. ರಿಟುಕ್ಸಿಮ್ಯಾಬ್ ಸೋಂಕು ತಡೆಯುವ ಶಕ್ತಿ ಇಳಿಸುವುದರಿಂದ ಅದರ ಡೋಸ್ ನೋಡಿಕೊಂಡು ಆಪರೇಶನ್ ದಿನ ಹೊಂದಿಸಿದರು. ಮೆದುಳಿನಲ್ಲಿ ರಕ್ತಸ್ರಾವ ಆಗುವ ಸಂಭವ ನೂರಕ್ಕೆ ಒಂದೋ ಎರಡೋ ಅಂದರು, ಸೋಂಕಿನದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ. ಗಾಮಾ ನೈಫ್ ಆಗಲ್ವಾ, ಕೊಯ್ಯೋದೇ ಬೇಡವಲ್ಲ ಅಂತ ಭಾವ ಕೇಳಿದರು. ಅದರಲ್ಲಿ ಆ ಜಾಗವನ್ನು ವಿಕಿರಣದಿಂದ ಸುಟ್ಟುಬಿಡುತ್ತಾರೆ, ಸುಟ್ಟದ್ದು ವಾಪಸ್ ಬರಲ್ಲ. ಡಿಬಿಎಸ್ ಆದರೆ ಕರೆಂಟು ಹೆಚ್ಚು ಕಡಿಮೆ ಮಾಡಬಹುದು, ಬೇಡ ಅಂದರೆ ಆರಿಸಬಹುದು. ಎಂಎಸ್ ಮುಂದೆ ಎತ್ತ ಹೋಗುತ್ತದೋ ಗೊತ್ತಿಲ್ಲದಿರುವಾಗ ಇದೇ ವಾಸಿ ಅನ್ನಿಸಿತು.

ಇನ್ನು ದುಡ್ಡು. ಹತ್ತು ಲಕ್ಷದ ಮೇಲೆ. ಅದರಲ್ಲಿ ದೊಡ್ಡ ಪಾಲು ಸಾಧನದ್ದೇ. ವಿಮೆ ಕಂಪನಿಯವರು, ಎಂಎಸ್‌ಗೆ ಈ ಸಾಧನದ ಅನುಮೋದನೆ ಇಲ್ಲ, ಪ್ರಯೋಗದ ಚಿಕಿತ್ಸೆಗೆ ಕೊಡಲ್ಲ ಅಂತ ಪತ್ರ ಬರೆದರು. ಮೊದಲನೆಯದು ಸುಳ್ಳಲ್ಲ. ಅಮೆರಿಕದಲ್ಲಿ ಔಷಧ, ಸಾಧನಗಳಿಗೆ ಒಪ್ಪಿಗೆ ಕೊಡುವ ಎಫ್‌ಡಿಎ 1997ರಲ್ಲಿ ಒಪ್ಪಿದ್ದು ಎಸೆನ್ಷಿಯಲ್ ಟ್ರೆಮರ್ (ಬೇರೆ ಕಾಯಿಲೆ ಇಲ್ಲದೆ ಬರುವ ನಡುಕ) ಮತ್ತು ಪಾರ್ಕಿನ್ಸನ್ಸ್ ನಡುಕಕ್ಕೆ, ಎಂಎಸ್ ಅದರಲ್ಲಿ ಇಲ್ಲ. ಆದರೆ ಎಂಎಸ್ ನಡುಕಕ್ಕೆ ಇದು ನಿನ್ನೆ ಮೊನ್ನೆಯ ಯೋಚನೆ ಏನಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ಅವರು 1987ರಲ್ಲಿ ಈಗಿನ ರೀತಿಯ ಡಿಬಿಎಸ್ ಶುರು ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೂ ಏಳು ವರ್ಷ ಮೊದಲೇ, 1980ರಲ್ಲಿ, ಇಂಗ್ಲೆಂಡಿನ ಬ್ರೈಸ್ ಮತ್ತು ಮ್ಯಾಕ್ಲೆಲನ್ ಅನ್ನುವ ವೈದ್ಯರು ಎಂಎಸ್ ರೋಗಿಗಳ ಇದೇ ನಡುಕವನ್ನು ಮೆದುಳಿನಾಳದ ಕರೆಂಟಿನಿಂದ ತಡೆದ ವರದಿ ಪ್ರಕಟಿಸಿದ್ದರು. 2017ರಲ್ಲಿ ಫ್ಲೋರಿಡಾದಲ್ಲಿ 12 ಎಂಎಸ್ ರೋಗಿಗಳ ಒಂದು ಸಣ್ಣ ಅಧ್ಯಯನವೂ ಆಗಿದೆ. ಅಲ್ಲಿ ಒಂದೇ ಕಡೆ ಎರಡೆರಡು ತಂತಿ ಇಟ್ಟಿದ್ದರು. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅಕ್ಕನ ಮಗ ಇದನ್ನೆಲ್ಲ ಹುಡುಕಿ, ಡಾಕ್ಟರ ಪತ್ರದ ಜೊತೆ ಸೇರಿಸಿ ಕಳಿಸಿದ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಹೆಸರು ಹೇಳಿಯೇ ಸೇರಿಸಿದ್ದಾರೆ ಅಂತಲೂ ಬರೆದ. ಕೊನೆಗೆ ಆಸ್ಪತ್ರೆಯ ಖರ್ಚು ಕೊಟ್ಟರು, ಸಾಧನದ್ದು ಕೊಡಲಿಲ್ಲ. ಊರಾಚೆ ಇದ್ದ ಸೈಟು ಮಾರಿದೆವು. ಸೈಟು ಹೋಯಿತಲ್ಲ ಅಂತ ನಮ್ಮನೆಯವರು ಒಂದು ದಿನವೂ ಅಂದಿಲ್ಲ. ನಮ್ಮ ಮೈದುನ ಅಂದಿದ್ದಾನೆ.

ಸಾಧನ ಆರಿಸುವಾಗ ಒಂದು ವಿಷಯ ಗಟ್ಟಿಯಾಗಿ ಕೇಳಿ: ಎಂಆರ್‌ಐ ಮಾಡಿಸಬಹುದಾ, ಯಾವ ಷರತ್ತಿನ ಮೇಲೆ? ಎಂಎಸ್ ಇದ್ದವರಿಗೆ ಜೀವನಪೂರ್ತಿ ಎಂಆರ್‌ಐ ತಪ್ಪಿದ್ದಲ್ಲ. ಬೇರೆ ಕಾಯಿಲೆಯವರಿಗೆ ಇದು ಇಷ್ಟು ಮುಖ್ಯ ಅಲ್ಲ, ಹಾಗಾಗಿ ಯಾರೂ ತಾವಾಗಿ ಹೇಳದೆಯೂ ಇರಬಹುದು.

ಆಪರೇಶನ್ ದಿನ ಬೆಳಿಗ್ಗೆ ತಲೆಗೆ ಲೋಹದ ಚೌಕಟ್ಟು ಬಿಗಿದರು. ನಾಲ್ಕು ಕಡೆ ಮರಗಟ್ಟುವ ಇಂಜೆಕ್ಷನ್, ನಾಲ್ಕು ಕಡೆ ಸ್ಕ್ರೂ. ಇಡೀ ದಿನದಲ್ಲಿ ನಿಜವಾಗಿ ನೋವಾದದ್ದು ಆ ಇಂಜೆಕ್ಷನ್‌ಗಳೇ. ಚೌಕಟ್ಟಿನ ಸಮೇತ ಸಿಟಿ ಸ್ಕ್ಯಾನ್ ಆಯಿತು. ಅದನ್ನು ಹಳೆಯ ಎಂಆರ್‌ಐ ಮೇಲೆ ಕೂರಿಸಿ, ತಂತಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಅಂತ ಲೆಕ್ಕ ಹಾಕುತ್ತಾರೆ. ಗುರಿ, ಮೆದುಳಿನ ನಡುವೆ ಇರುವ ಥಾಲಮಸ್ ಅನ್ನುವ ಭಾಗದೊಳಗಿನ ವಿಮ್ ಅನ್ನುವ ಸಣ್ಣ ಜಾಗ. ಕಿರುಮೆದುಳಿನಿಂದ ಬರುವ ಸುದ್ದಿ ಅಲ್ಲಿಗೆ ಬಂದು ಮುಂದೆ ಹೋಗುತ್ತದೆ. ಬಲಗೈಗೆ ಎಡಗಡೆಯ ಥಾಲಮಸ್.

ಎಂಎಸ್ ಇರುವವರಿಗೆ ಮೂತ್ರದ ಅವಸರ ಗೊತ್ತೇ ಇದೆ. ತಲೆಯನ್ನು ಮೇಜಿಗೆ ಬಿಗಿದ ಮೇಲೆ ಏಳೋಕೆ ಆಗಲ್ಲ. ನಾಚಿಕೆ ಬಿಟ್ಟು ಮೊದಲೇ ಹೇಳಿ ಕ್ಯಾಥೆಟರ್, ಅಂದರೆ ಮೂತ್ರದ ನಳಿಕೆ, ಹಾಕಿಸಿಕೊಳ್ಳಿ.

ಎಚ್ಚರ ಇಟ್ಟೇ ಮಾಡುತ್ತಾರೆ. ಎಡಗಡೆ ಸ್ವಲ್ಪ ಕೂದಲು ತೆಗೆದರು. ತಲೆಬುರುಡೆಗೆ ತೂತು ಕೊರೆಯುವಾಗ ನೋವಿಲ್ಲ, ಸದ್ದಿದೆ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವಾಗ ನಮ್ಮನೆ ಗೋಡೆ ಅದುರುವ ಹಾಗೆ ಹಲ್ಲೆಲ್ಲ ಅದುರಿದವು. ಅದು ನಿಂತ ಮೇಲೆ ಮೆದುಳಿಗೆ ಏನೂ ಗೊತ್ತಾಗುವುದಿಲ್ಲ. ಮೊದಲು ಕೂದಲಿನಷ್ಟು ಸಣ್ಣ ಎಲೆಕ್ಟ್ರೋಡ್ ಇಳಿಸಿ ನರಕೋಶಗಳ ಸದ್ದು ಕೇಳುತ್ತಾರೆ. ಸ್ಪೀಕರಿನಲ್ಲಿ ಗರಗರ ಅಂತ ಬರುತ್ತಿತ್ತು. ನಮ್ಮದೇ ತಲೆಯ ಸದ್ದು ಹೊರಗಿನಿಂದ ಕೇಳಿಸಿಕೊಳ್ಳುವುದು ವಿಚಿತ್ರ.

ಆಮೇಲೆ ನಿಜವಾದ ತಂತಿ. ದಪ್ಪ 1.27 ಮಿಲಿಮೀಟರ್. ತುದಿಯ ಹತ್ತಿರ ನಾಲ್ಕು ಮಟ್ಟದಲ್ಲಿ ಕರೆಂಟು ಹೊರಬರುವ ಜಾಗಗಳಿವೆ. ಕರೆಂಟು ಕೊಡುತ್ತಾ ಪರೀಕ್ಷೆ ಶುರುವಾಯಿತು. ಒಂದು ಮಟ್ಟದಲ್ಲಿ ತುಟಿಯ ಅಂಚು, ಹೆಬ್ಬೆರಳು ಜುಮ್ ಅಂದವು. ಹಿಂದಕ್ಕೆ ಜಾಸ್ತಿ ಹೋಗಿದೆ ಅಂತ ಮಾತಾಡಿಕೊಂಡರು, ಏಕೆಂದರೆ ಸ್ಪರ್ಶದ ಜಾಗ ವಿಮ್‌ನ ಹಿಂದೇ ಇದೆ. ತಂತಿಯನ್ನು ಸ್ವಲ್ಪ ಸರಿಸಿದರು. ಮಾತು ತೊದಲುತ್ತದಾ ಅಂತ ನೋಡಲು ತಿಂಗಳ ಹೆಸರು ಹೇಳಿ ಅಂದರು. ನಾನು ಚೈತ್ರ, ವೈಶಾಖ ಅಂತ ಶುರು ಮಾಡಿದೆ. ಕಂಪ್ಯೂಟರ್ ಮುಂದೆ ಕೂತಿದ್ದ ಚಿಕ್ಕ ಡಾಕ್ಟರು ಕೇರಳದವರು. ಅವರಿಗೆ ನಾನು ತೊದಲುತ್ತಿದ್ದೇನೋ ಸರಿಯಾಗೇ ಹೇಳುತ್ತಿದ್ದೇನೋ ಗೊತ್ತಾಗಲಿಲ್ಲ. "ಜನವರಿ, ಜನವರಿ ಹೇಳಿ ಅಮ್ಮಾ" ಅಂದರು. ಎಲ್ಲರೂ ನಕ್ಕರು. ನನಗೆ ತಲೆ ಅಲ್ಲಾಡಿಸೋಕೆ ಆಗದ್ದರಿಂದ ಹೊಟ್ಟೆಯಲ್ಲೇ ನಕ್ಕೆ.

ಮುಂದಿನ ಸಲ ಕರೆಂಟು ಏರಿಸಿ ಲೋಟ ಕೈಗೆ ಕೊಟ್ಟರು. ಅರ್ಧ ನೀರಿತ್ತು. ಮಲಗಿದ್ದಲ್ಲೇ ಬಾಯಿಯ ಹತ್ತಿರ ತಂದೆ. ನೀರು ಅಲುಗಿತು, ಚೆಲ್ಲಲಿಲ್ಲ. "ಸಾಕು, ಇಲ್ಲೇ" ಅಂದರು ಸರ್ಜನ್. ಆಮೇಲೆ ಪೂರ್ತಿ ಅರಿವಳಿಕೆ ಕೊಟ್ಟು, ಕಿವಿಯ ಹಿಂದಿನಿಂದ ಕುತ್ತಿಗೆಯೊಳಗೆ ತಂತಿ ಇಳಿಸಿ, ಕಾಲರ್ ಎಲುಬಿನ ಕೆಳಗೆ ಬ್ಯಾಟರಿ ಇಟ್ಟರು.

ಮನೆಗೆ ಬಂದ ಮೇಲಿನ ಮೊದಲ ಕೆಲವು ದಿನ ನಂಬಬೇಡಿ. ಸಾಧನ ಇನ್ನೂ ಆನ್ ಮಾಡಿರುವುದಿಲ್ಲ, ಆದರೂ ಕೈ ಶಾಂತ. ತಂತಿ ಇಳಿದ ಜಾಗದಲ್ಲಿ ಸ್ವಲ್ಪ ಊತ ಬಂದು ಹಾಗಾಗುತ್ತದಂತೆ. ಅವ್ವ ತಿಪ್ಪೇಸ್ವಾಮಿಗೆ ಹರಕೆ ತೀರಿಸೋಕೆ ನಾಯಕನಹಟ್ಟಿಗೆ ಹೊರಟೇಬಿಟ್ಟಳು. ಅವಳು ವಾಪಸ್ ಬರುವಷ್ಟರಲ್ಲಿ ನಡುಕವೂ ವಾಪಸ್ ಬಂದಿತ್ತು. ಡಾಕ್ಟರು ಇದನ್ನು ಮೊದಲೇ ಹೇಳಿದ್ದರಿಂದ ನಾನು ಕಂಗೆಡಲಿಲ್ಲ. ಅವ್ವನನ್ನು ಸಮಾಧಾನ ಮಾಡುವುದು ಕಷ್ಟವಾಯಿತು.

ಹೊಲಿಗೆ ಮಾಗಿದ ಮೇಲೆ ಪ್ರೋಗ್ರಾಮಿಂಗ್. ಇದರ ಬಗ್ಗೆ ಜನ ಕೇಳುವುದೇ ಇಲ್ಲ, ಆದರೆ ಆಪರೇಶನ್‌ಗಿಂತ ಇದೇ ದೊಡ್ಡದು. ಯಾವ ಮಟ್ಟದಿಂದ, ಎಷ್ಟು ಕರೆಂಟು, ಸೆಕೆಂಡಿಗೆ ಎಷ್ಟು ಸಲ (ನನಗೆ 130ರಿಂದ ಶುರು ಮಾಡಿದರು), ಪ್ರತಿ ಸಲ ಎಷ್ಟು ಮೈಕ್ರೋಸೆಕೆಂಡ್. ಒಂದೊಂದನ್ನೇ ಬದಲಿಸುತ್ತಾ, ಸುರುಳಿ ಬರೆಸುತ್ತಾ, ಮಾತಾಡಿಸುತ್ತಾ ಗಂಟೆಗಟ್ಟಲೆ ಕೂರಿಸುತ್ತಾರೆ. ದಾವಣಗೆರೆಯಿಂದ ಬೆಂಗಳೂರಿಗೆ ಎಷ್ಟು ಸಲ ಓಡಾಡಿದೆವೋ. ಪ್ರತಿ ಸಲ ಸುಸ್ತು. ಅದರಲ್ಲೂ ಬೇಸಿಗೆಯಲ್ಲಿ ಎಂಎಸ್ ಮೈಗೆ ಬಿಸಿಲು ತಾಗಿದರೆ ಎಲ್ಲ ಲಕ್ಷಣವೂ ಏರುತ್ತದೆ, ಆಗ ಮಾಡಿದ ಸೆಟ್ಟಿಂಗ್ ಮಳೆಗಾಲಕ್ಕೆ ಜಾಸ್ತಿಯಾಗುತ್ತದೆ. ಬೆಳಗಿನ ತಂಪು ಹೊತ್ತಿನ ಅಪಾಯಿಂಟ್‌ಮೆಂಟೇ ಕೇಳಿ.

ಕರೆಂಟು ಏರಿಸಿದರೆ ಕೈ ನಿಲ್ಲುತ್ತದೆ, ನಾಲಗೆ ದಪ್ಪವಾಗುತ್ತದೆ. ಇಳಿಸಿದರೆ ಮಾತು ಸ್ಪಷ್ಟ, ಕೈ ಹೊಯ್ದಾಟ. ನನ್ನ ಮಾತು ಮೊದಲೇ ಬಿಡಿಬಿಡಿ. ಹಾಗಾಗಿ ಮಧ್ಯದ ಒಂದು ಜಾಗಕ್ಕೆ ಒಪ್ಪಿಕೊಂಡೆ. ರಾತ್ರಿ ಮಲಗುವಾಗ ರಿಮೋಟಿನಿಂದ ಆರಿಸುತ್ತೇನೆ. ಬ್ಯಾಟರಿಯೂ ಉಳಿಯುತ್ತದೆ, ಮೆದುಳು ಕರೆಂಟಿಗೆ ಒಗ್ಗಿಹೋಗಿ ಪರಿಣಾಮ ಕಡಿಮೆಯಾಗುವುದೂ ತಡವಾಗಬಹುದು ಅಂತ ಡಾಕ್ಟರ ಸಲಹೆ. ಬೆಳಿಗ್ಗೆ ಆನ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ಕೈ ಹಿಡಿತಕ್ಕೆ ಬರುತ್ತದೆ.

ಸರಿ, ಏನು ಸಿಕ್ಕಿತು? ರೊಟ್ಟಿ ಮುರಿದು ಪಲ್ಯ ಹಚ್ಚಿಕೊಂಡು ನನ್ನ ಕೈಯಿಂದಲೇ ತಿನ್ನುತ್ತೇನೆ. ಗಟ್ಟಿ ಅನ್ನ ಚಮಚದಲ್ಲಿ ಆಗುತ್ತದೆ, ತೆಳು ಸಾರು ಆಗಲ್ಲ. ಲೋಟ ಅರ್ಧ ತುಂಬಿಸಿ ಕೊಟ್ಟರೆ ಕುಡಿಯುತ್ತೇನೆ. ಹಲ್ಲುಜ್ಜಿಕೊಳ್ಳುತ್ತೇನೆ. ಸಹಿ ಹಾಕುತ್ತೇನೆ, ವಕ್ರವಾಗಿಯೇ, ಆದರೆ ಪ್ರತಿ ಸಲ ಒಂದೇ ಥರ ವಕ್ರ. ಬ್ಯಾಂಕಿನಲ್ಲಿ ಹೊಸ ಮಾದರಿ ಸಹಿ ಕೊಟ್ಟು ಬಂದೆ. ಬ್ಲೌಸಿನ ಹುಕ್ಕು, ಸೂಜಿ, ಹೂ ಕಟ್ಟುವುದು, ಫೋನಿನಲ್ಲಿ ಟೈಪ್ ಮಾಡುವುದು ಆಗಲ್ಲ. ಅದು ಅಟಾಕ್ಸಿಯಾದ ಪಾಲು. ಮಂಡಕ್ಕಿ ಈಗಲೂ ಹಾರುತ್ತದೆ, ಮೊದಲಿನಷ್ಟು ದೂರ ಅಲ್ಲ.

ಜೊತೆಗೆ ಕೆಲವು ಕಟ್ಟುಪಾಡು. ಮೆಟ್ರೋ, ಏರ್‌ಪೋರ್ಟಿನಲ್ಲಿ ಲೋಹ ಪತ್ತೆ ಮಾಡುವ ಗೇಟಿನ ಬದಲು ಕಾರ್ಡು ತೋರಿಸಿ ಕೈಯಿಂದ ತಪಾಸಣೆ ಕೇಳುತ್ತೇನೆ. ಇದಕ್ಕಿಂತ ಮುಖ್ಯವಾದದ್ದು ಡಯಾಥರ್ಮಿ, ಅಂದರೆ ಮಿಷನ್‌ನಿಂದ ಮೈಯೊಳಗೆ ಬಿಸಿ ಕೊಡುವ ಚಿಕಿತ್ಸೆ. ಭುಜ ನೋವು ಅಂತ ಒಂದು ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋದಾಗ ಹುಡುಗಿ ಆ ಮಿಷನ್ ತಂದು ಪಕ್ಕಕ್ಕೆ ಇಟ್ಟೇಬಿಟ್ಟಿದ್ದಳು. ಅದರ ಶಕ್ತಿ ತಂತಿಯಲ್ಲಿ ಹರಿದು ಮೆದುಳಿನ ತುದಿಯಲ್ಲಿ ಬಿಸಿಯಾಗಿ ಪ್ರಾಣಕ್ಕೇ ಅಪಾಯ. ಡಿಬಿಎಸ್ ಇರುವವರಿಗೆ ಅದನ್ನು ದೇಹದ ಯಾವ ಭಾಗಕ್ಕೂ ಕೊಡಬಾರದು. ಮಗಳು ಜೊತೆಗಿದ್ದಳು, ಕಾರ್ಡು ತೆಗೆದು ಅವಳ ಮುಖದ ಮುಂದೆ ಹಿಡಿದಳು. ನೀವೂ ಕಾರ್ಡನ್ನು ಪರ್ಸಿನಲ್ಲಿ ಇಟ್ಟುಕೊಳ್ಳಿ, ಬೀರುವಿನಲ್ಲಿ ಅಲ್ಲ.

ಎಂಎಸ್ ಮುಂದುವರಿದರೆ ನಡುಕ ಮತ್ತೆ ಏರಬಹುದು. ಈಗಾಗಲೇ ಒಂದೆರಡು ಸಲ ಕರೆಂಟು ಏರಿಸಬೇಕಾಗಿ ಬಂದಿದೆ. ಎಡಗೈಗೂ ಮಾಡಿಸ್ತೀರಾ ಅಂತ ಕಳೆದ ಚೆಕಪ್‌ನಲ್ಲಿ ಕೇಳಿದರು. ಬೇಡ ಅಂದೆ. ಎರಡೂ ಕಡೆ ತಂತಿ ಇಟ್ಟರೆ ಮಾತು ಮತ್ತು ನಿಲ್ಲುವ ಸಮತೋಲ ಎರಡೂ ಇನ್ನಷ್ಟು ಕೆಡುವ ಸಂಭವ ಜಾಸ್ತಿ. ಅವ್ವನಿಗೆ ಕಿವಿ ಮಂದ, ದಿನಾ ಸಂಜೆ ಫೋನ್ ಮಾಡುತ್ತಾಳೆ. ಈಗಲೇ ಎರಡು ಸಲ "ಏನಂದೆ?" ಅಂತಾಳೆ. ಮೂರನೇ ಸಲ ಕೇಳಿಸಿಕೊಳ್ಳುವ ತಾಳ್ಮೆ ಅವಳಿಗಿಲ್ಲ, ಫೋನ್ ಇಟ್ಟುಬಿಡುತ್ತಾಳೆ.